ಗುಂಡಿ ಬೋರ್ಡು ಮಾಡಿದ್ದು ಯಾರು?

"ಮುಟ್ಟಬೇಡಿ ಅಂಕಲ್, ಪಿನ್ನು ಚುಚ್ಚುತ್ತೆ!"

ಟೈಲರಮ್ಮನ ಮಗಳು ಹೇಳುವಷ್ಟರಲ್ಲಿ ಚುಚ್ಚಿಯಾಗಿತ್ತು. ಪೆಚ್ಚುಮೋರೆ ಬೆರಳನ್ನು ಬಾಯಿಗಿಟ್ಟುಕೊಂಡೇ ಗೋಡೆಯ ಮೇಲಿದ್ದ ಗುಂಡಿ ಬೋರ್ಡನ್ನು ಇನ್ನೊಂದು ಕೈಯಿಂದ ಇಳಿಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದ.

ಪೆಚ್ಚುಮೋರೆ ಎಂಬುದು ಪೊಲೀಸ್ ಕೆಲಸದಲ್ಲಿದ್ದಾಗ ಅವನಿಗೆ ಬಿದ್ದ ಹೆಸರು. ಕೆಲಸದಿಂದ ನಿವೃತ್ತಿ ಸಿಕ್ಕಿತು, ಹೆಸರಿನಿಂದ ಸಿಗಲಿಲ್ಲ. ಏನೂ ಅರ್ಥವಾಗದಿದ್ದಾಗ ಅವನ ಮುಖ ಹೇಗಿರುತ್ತಿತ್ತೋ ಎಲ್ಲ ಅರ್ಥವಾದಾಗಲೂ ಹಾಗೇ ಇರುತ್ತಿತ್ತು. ಹಾಗಾಗಿ ಅವನ ಮುಂದೆ ಜನ ಹುಷಾರಾಗಿರುವುದನ್ನೇ ಮರೆತುಬಿಡುತ್ತಿದ್ದರು. ಖಾಸಗಿ ಪತ್ತೇದಾರನಾದ ಮೇಲೆ ಅದೇ ಅವನಿಗೆ ಅನ್ನ ಹಾಕುತ್ತಿತ್ತು.

ಆದರೆ ಇವತ್ತು ಅವನಿಗೆ ನಿಜಕ್ಕೂ ತಲೆಬುಡ ತಿಳಿದಿರಲಿಲ್ಲ.

ಹೋದ ವಾರ ಒಂದು ಮಧ್ಯಾಹ್ನ ಅಂಗಡಿಯಿಂದ ಹೊರಗೆ ಹೋದ ಟೈಲರಮ್ಮ ವಾಪಸು ಬಂದಿರಲಿಲ್ಲ. ಅವಳಿಗೆ ಏನೋ ಮಾಡಿದ್ದಾನೆ ಎಂಬ ಅನುಮಾನದ ಮೇಲೆ ಅವಳ ತಮ್ಮ, ಬೈಕ್ ಮೆಕ್ಯಾನಿಕ್, ಮೊನ್ನೆಯಿಂದ ಪೊಲೀಸ್ ಸ್ಟೇಷನ್ನಿನಲ್ಲಿ ಕೂತಿದ್ದ. ಅವತ್ತು ಅಕ್ಕತಮ್ಮ ಕೂಗಾಡಿದ್ದನ್ನು ಪಕ್ಕದ ಇಸ್ತ್ರಿ ಅಂಗಡಿಯವನು ಕೇಳಿದ್ದ. ಮೆಕ್ಯಾನಿಕ್ಕನ ಅಂಗಿಯ ಮೇಲೆ ರಕ್ತವಿತ್ತು. ಅಕ್ಕತಮ್ಮ ಇಬ್ಬರದೂ ಒಂದೇ ಗುಂಪಿನ ರಕ್ತ.

ಬೆಳಗ್ಗೆ ಸ್ಟೇಷನ್ನಿನಲ್ಲಿ ಮೆಕ್ಯಾನಿಕ್ ಬಟ್ಟೆ ಸುತ್ತಿದ ಹೆಬ್ಬೆರಳು ತೋರಿಸಿ ಅತ್ತುಬಿಟ್ಟಿದ್ದ.

"ಕೂಗಾಡಿದ್ದು ನಿಜ ಸಾರ್. ಅಪ್ಪನ ಫೋಟೋ ತೆಗೆದು ಆ ಫ್ರೇಮಿಗೆ ಗುಂಡಿ ಸಿಕ್ಕಿಸ್ತೀನಿ ಅಂದ್ರೆ ಯಾರಿಗೆ ಸಿಟ್ಟು ಬರಲ್ಲ? ಆಮೇಲೆ ಅಕ್ಕ ಫೋಟೋ ತೋರಿಸಿದ್ಲು. ಗೆದ್ದಲು ಅಪ್ಪನ ಮುಖಾನೆಲ್ಲ ತಿಂದು ಒಂದು ಕಿವಿ ಮಾತ್ರ ಉಳಿಸಿತ್ತು. 'ಈ ಕಿವಿಗೆ ದಿನಾ ಕೈ ಮುಗೀತೀಯೇನೋ?' ಅಂದ್ಲು. ಇಬ್ರೂ ನಕ್ಕುಬಿಟ್ವಿ. ನಾನೇ ಕೂತು ಗಾಜು ತೆಗೆದೆ, ಆಗಲೇ ಬೆರಳು ಕುಯ್ದಿದ್ದು. ಅಕ್ಕ ಹಲಗೆ ಕತ್ತರಿಸಿದ್ಲು, ನಾನು ಬಟ್ಟೆ ಬಿಗಿದೆ. ಬೋರ್ಡು ಗೋಡೆಗೆ ಹಾಕಿ ನಾನು ಮನೆಗೆ ಹೋದೆ. ಅಷ್ಟೇ ಸಾರ್."

ಅವರು ನಕ್ಕಿದ್ದನ್ನು ಇಸ್ತ್ರಿಯವನು ಕೇಳಿರಲಿಲ್ಲ.

ಟೈಲರಮ್ಮನ ಮಗಳು ಹೇಳುತ್ತಿದ್ದುದೇ ಬೇರೆ. "ಆ ಬೋರ್ಡು ನಾನೊಬ್ಬಳೇ ಮಾಡಿದ್ದು. ಅಮ್ಮ ಕಾಣೆಯಾಗೋಕೆ ಎಷ್ಟೋ ಮುಂಚೆ. ಮಾವ ಅವತ್ತು ಬಂದ್ರು, ಅಪ್ಪನ ಫೋಟೋ ಎಲ್ಲಿ ಅಂತ ಕೂಗಾಡಿದ್ರು. ಫ್ರೇಮಿನಲ್ಲಿ ಗಾಜು ಇದ್ರೆ ತಾನೆ ಬೆರಳು ಕುಯ್ಯೋಕೆ?"

ಒಂದು ಬೋರ್ಡು, ಮಾಡಿದವರು ಇಬ್ಬರು. ಚಿನ್ನದ ಸರವಾಗಿದ್ದರೆ ನನ್ನದು ನನ್ನದು ಎಂದು ಕಿತ್ತಾಡುವುದಕ್ಕೆ ಅರ್ಥವಿತ್ತು. ಇದು ಗಿರಾಕಿಗಳಿಗೆ ಗುಂಡಿಯ ನಮೂನೆ ತೋರಿಸುವುದಕ್ಕೆ ಹಳೇ ಫೋಟೋ ಚೌಕಟ್ಟಿನಲ್ಲಿ ಮಾಡಿದ ಕೈಕೆಲಸ. ಆದರೂ ಮೆಕ್ಯಾನಿಕ್ಕನ ಗತಿ ಪೂರ್ತಿ ಅದರ ಮೇಲೆಯೇ ನಿಂತಿತ್ತು. ಅವನು ಹೇಳಿದ್ದು ನಿಜವಾದರೆ ಅಂಗಿಯ ರಕ್ತ ಅವನದೇ. ಹುಡುಗಿ ಹೇಳಿದ್ದು ನಿಜವಾದರೆ ಆ ರಕ್ತ ಟೈಲರಮ್ಮನದು.

"ಸಂಜೆಯೊಳಗೆ ನನಗೆ ಒಂದು ದಾರಿ ತೋರಿಸಿ ಗುರುಗಳೇ. ಇಲ್ಲದಿದ್ರೆ ಕೊಲೆ ಕೇಸು ಹಾಕಿ ಜೈಲಿಗೆ ಕಳಿಸ್ತೀನಿ" ಎಂದಿದ್ದರು ಇನ್ಸ್‌ಪೆಕ್ಟರ್. ಒಂದು ಕಾಲದಲ್ಲಿ ಪೆಚ್ಚುಮೋರೆಯ ಕೈಕೆಳಗೆ ಕೆಲಸ ಕಲಿತ ಮನುಷ್ಯ, ಅದಕ್ಕೇ ಇಷ್ಟಾದರೂ ಸಲಿಗೆ.

ಈಗ ಅಂಗಡಿಯಲ್ಲಿ ಮೂವರಿದ್ದರು. ಪೆಚ್ಚುಮೋರೆ, ಹುಡುಗಿ, ಮತ್ತು ಗುಂಡಿ ಡಬ್ಬಿಗಳ ಕಪಾಟಿನ ಪಕ್ಕ ಸ್ಟೂಲಿನ ಮೇಲೆ ಮುದುಡಿ ಕೂತಿದ್ದ ಮೆಕ್ಯಾನಿಕ್ಕನ ಹೆಂಡತಿ. ಪೆಚ್ಚುಮೋರೆಯನ್ನು ಹುಡುಕಿಕೊಂಡು ಬಂದವಳು ಅವಳೇ. ಗಂಡ 'ಸ್ಟೇಷನ್ನಿಗೆ ಮಾತ್ರ ಕಾಲಿಡಬೇಡ' ಎಂದು ಹೇಳಿ ಕಳಿಸಿದ್ದರಿಂದ ಪಾಪ ಅವನ ಮುಖವನ್ನೂ ನೋಡಿರಲಿಲ್ಲ. ಪೆಚ್ಚುಮೋರೆ ಸ್ಟೇಷನ್ನಿನಿಂದ ಬಂದಾಗಿನಿಂದ ಅವನ ಹಿಂದೆಯೇ ಸುತ್ತುತ್ತಿದ್ದಳು.

"ಇದನ್ನ ಹೇಗೆ ಮಾಡಿದೆ ಹೇಳಮ್ಮ. ನನ್ನ ಹೆಂಡತಿಗೂ ಒಂದು ಮಾಡಿಕೊಡ್ತೀನಿ" ಎಂದ ಪೆಚ್ಚುಮೋರೆ.

ಹುಡುಗಿ ಒಂದೇ ಉಸಿರಿಗೆ ಹೇಳಿದಳು. ಫ್ರೇಮಿನ ಹಿಂದಿನ ಮೊಳೆ ಕೀಳಬೇಕು. ಗಾಜು, ಫೋಟೋ ತೆಗೆದಿಡಬೇಕು. ನೋಟೀಸು ಬೋರ್ಡಿಗೆ ಹಾಕುವಂಥ ಮೆದು ಹಲಗೆ ಕತ್ತರಿಸಿ, ಮೇಲೆ ತೆಳ್ಳನೆ ಸ್ಪಂಜು ಹಾಸಿ, ಬಟ್ಟೆ ಎಳೆದು ಹಿಂದೆ ಬಿಗಿಯಬೇಕು. ಮುಂದುಗಡೆ ಅಡ್ಡಕ್ಕೂ ಉದ್ದಕ್ಕೂ ಬಟ್ಟೆ ಟೇಪು ಎಳೆದು, ಟೇಪು ಸೇರುವಲ್ಲೆಲ್ಲ ಪಿನ್ನಿನಿಂದ ಒಂದೊಂದು ಗುಂಡಿ ಸಿಕ್ಕಿಸಬೇಕು. ಫ್ರೇಮಿನೊಳಗೆ ಕೂರಿಸಿ ಮತ್ತೆ ಮೊಳೆ ಹೊಡೆಯಬೇಕು.

ತಪ್ಪಿಲ್ಲದೆ ಪಾಠ ಒಪ್ಪಿಸಿದ ಹಾಗಿತ್ತು.

"ಬಟ್ಟೆ ಚೆನ್ನಾಗಿದೆ. ಎಲ್ಲಿ ಸಿಕ್ತು?"

"ಮಿಕ್ಕ ತುಂಡು ಅಂಕಲ್. ಅಂಗಡಿಯಲ್ಲಿ ಬೇಕಾದಷ್ಟು ಬಿದ್ದಿರುತ್ತೆ."

ನೀಲಿ ಬಟ್ಟೆ, ಅದರ ಮೇಲೆ ಬಿಳಿ ಎಲೆಗಳು. ಪೆಚ್ಚುಮೋರೆ ಅದನ್ನೇ ನೋಡಿದ. ಆಮೇಲೆ ಮೂಲೆಯಲ್ಲಿ ಗೋಡೆಗೆ ಒರಗಿಸಿದ್ದ ದೊಡ್ಡ ಸುರುಳಿಯನ್ನು ನೋಡಿದ. ಅದೂ ನೀಲಿ, ಅದರ ಮೇಲೂ ಬಿಳಿ ಎಲೆಗಳು.

"ಅದು ಸೋಫಾ ಕವರಿನ ಆರ್ಡರು ಸಾರ್," ಎಂದಳು ಮೆಕ್ಯಾನಿಕ್ಕನ ಹೆಂಡತಿ, ಅಷ್ಟರಲ್ಲಾದರೂ ಒಂದು ಒಳ್ಳೆಯ ಮಾತಾಡಲು ಸಿಕ್ಕಿತಲ್ಲ ಎಂಬಂತೆ. "ಅಮ್ಮ ಹೋದ್ಮೇಲೆ ಇವಳೇ ಹಿಡಿದ ಮೊದಲನೇ ಕೆಲಸ. ಮೊನ್ನೆ ಬೆಳಗ್ಗೆ ತಾನೆ ಬಟ್ಟೆ ಬಂತು. ಎಷ್ಟು ಗಟ್ಟಿ ಹುಡುಗಿ ನೋಡಿ."

ಗಟ್ಟಿ ಹುಡುಗಿ ಕತ್ತರಿಯನ್ನು ಕೆಳಗಿಟ್ಟಳು.

ಪೆಚ್ಚುಮೋರೆಯ ಮುಖ ಇನ್ನಷ್ಟು ಪೆಚ್ಚಾಯಿತು. ಬಟ್ಟೆ ಅಂಗಡಿಗೆ ಬಂದದ್ದೇ ಮೊನ್ನೆ. ಹಾಗಾದರೆ ಹುಡುಗಿ ಹೇಳಿದ್ದು ಸುಳ್ಳು. ಸರಿ, ಸಂತೋಷ. ಆದರೆ ಹೋದ ವಾರ ಅಕ್ಕನ ಜೊತೆ ಕೂತು ಬಟ್ಟೆ ಬಿಗಿದೆ ಎಂದ ಮೆಕ್ಯಾನಿಕ್ಕನ ಮಾತು ಮಾತ್ರ ಹೇಗೆ ನಿಜವಾಗುತ್ತದೆ? ಅದೂ ಸುಳ್ಳೇ. ಒಬ್ಬರ ಸುಳ್ಳು ಹಿಡಿಯಲು ಹೋಗಿ ಇಬ್ಬರನ್ನೂ ಹಿಡಿದಂತಾಯಿತು.

ಲೆಕ್ಕ ಸ್ಟೂಲಿನ ಮೇಲಿದ್ದವಳಿಗೂ ಗೊತ್ತಾಯಿತು. ತಾನೇ ಆಡಿದ ಮಾತು ಗಂಡನ ಕೊರಳಿಗೆ ಬಿತ್ತಲ್ಲ ಎಂದು ಅವಳ ಮುಖ ಬಿಳುಚಿತು.

"ಇವರು ಸುಳ್ಳು ಹೇಳಿದ್ರಾ ಸಾರ್? ಅಕ್ಕನ ವಿಷಯದಲ್ಲಿ... ಇಲ್ಲ. ಅವರಿಗೆ ಸುಳ್ಳು ಹೇಳೋಕೆ ಬರಲ್ಲ. ಸಿಗರೇಟು ಸೇದಿ ಬಂದ್ರೆ ನಾನು ಕೇಳೋಕ್ಕಿಂತ ಮುಂಚೆ ಅವರೇ ಒಪ್ಕೋತಾರೆ."

"ತಾಳಮ್ಮ" ಎಂದ ಪೆಚ್ಚುಮೋರೆ.

ಬೋರ್ಡನ್ನು ಬೋರಲು ಹಾಕಿ, ಹಿಂದಿನ ಮೊಳೆಗಳನ್ನು ಇಕ್ಕಳದಿಂದ ಒಂದೊಂದಾಗಿ ಕಿತ್ತ. ಹಲಗೆ ಅಲುಗಾಡಲಿಲ್ಲ. ಅಂಗೈಯಿಂದ ಗುದ್ದಿದ, ಉಗುರಿನಿಂದ ಮೀಟಿದ. ಕೊನೆಗೆ ಚೌಕಟ್ಟನ್ನು ಮೊಣಕಾಲಿನ ಮಧ್ಯೆ ಹಿಡಿದು ಎಳೆದಾಗ ಹಲಗೆ ಒಮ್ಮೆಲೇ ಕಳಚಿ, ಪತ್ತೇದಾರ ಗೋಡೆಗೆ ಹೋಗಿ ಒರಗಿದ. ಗುಂಡಿಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು.

ಹಲಗೆಯನ್ನು ವಾಪಸು ಕೂರಿಸಲು ನೋಡಿದ. ಊಹೂಂ. ಒಂದು ಕಡೆ ತುರುಕಿದರೆ ಇನ್ನೊಂದು ಕಡೆ ಉಬ್ಬಿಕೊಂಡು ಎದ್ದು ಬರುತ್ತಿತ್ತು.

"ಫ್ರೇಮಿಗಿಂತ ಹಲಗೆ ದೊಡ್ಡದಿದೆಯಲ್ಲ. ಯಾರಾದರೂ ಹೀಗೆ ಕತ್ತರಿಸ್ತಾರಾ?" ಎಂದ, ತನಗೆ ತಾನೇ.

"ಅಕ್ಕ ಕತ್ತರಿಸ್ತಾರೆ" ಎಂದಳು ಮೆಕ್ಯಾನಿಕ್ಕನ ಹೆಂಡತಿ. ಅಳುವಿನ ಮಧ್ಯೆಯೂ ಅವಳಿಗೆ ಸಣ್ಣಗೆ ನಗು ಬಂತು. "ಹೊಲಿಗೆಗೆ ಅಂತ ಒಂದು ಬೆರಳು ಹೆಚ್ಚಿಗೆ ಬಿಡೋದು ಅವರ ಕೈಗೆ ಅಂಟಿಬಿಟ್ಟಿದೆ ಸಾರ್. ಕಪಾಟಿಗೆ ಹಾಸೋ ಪೇಪರ್ರೂ ಒಂದು ಬೆರಳು ಹೆಚ್ಚು. ನಮ್ಮನೆ ಕಿಟಕಿ ಗಾಜಿಗೆ ಅಳತೆ ಕೊಟ್ಟಾಗಲೂ ಹಾಗೇ ಮಾಡಿ, ಗಾಜಿನವನು ಬೈದು ಹೋದ. ಹಲಗೆಯನ್ನ ಯಾರು ಮಡಚಿ ಹೊಲೀತಾರೆ ಹೇಳಿ?"

"ಮಗಳೂ ಅಮ್ಮನ ಹಾಗೇನಾ?"

"ಅಯ್ಯೋ, ಇವಳು ಗೆರೆ ಮೇಲೇ ಕತ್ತರಿ ಓಡಿಸೋಳು. ಅದಕ್ಕೇ ಇಬ್ಬರಿಗೂ ದಿನಾ ಜಗಳ."

ನೆಲದ ಮೇಲೆ ಬಿದ್ದ ಗುಂಡಿಗಳನ್ನು ಆರಿಸುವ ನೆಪದಲ್ಲಿ ಬಗ್ಗಿದ್ದ ಹುಡುಗಿ ಅಲ್ಲೇ ಕೂತುಬಿಟ್ಟಳು.

ಪೆಚ್ಚುಮೋರೆ ತಲೆ ಕೆರೆದುಕೊಂಡ. ಹಲಗೆ ಕತ್ತರಿಸಿದ ಕೈ ಟೈಲರಮ್ಮನದು. ಆದರೆ ಅದಕ್ಕೆ ಸುತ್ತಿದ ಬಟ್ಟೆ ಬಂದದ್ದು ಟೈಲರಮ್ಮ ಕಾಣೆಯಾದ ಮೇಲೆ. ಹಾಗಾದರೆ ಕಾಣೆಯಾದವಳು ಬಂದು, ಕೂತು, ಗುಂಡಿ ಬೋರ್ಡು ಮಾಡಿಟ್ಟು, ಮತ್ತೆ ಕಾಣೆಯಾದಳೆ? ಮೂವತ್ತು ವರ್ಷ ಕಳ್ಳರ ಹಿಂದೆ ಓಡಿದ ಮನುಷ್ಯ ಒಂದು ಹಲಗೆಯ ಮುಂದೆ ಬೆಪ್ಪಾಗಿ ನಿಂತಿದ್ದ.

ಬೇಸರದಿಂದ ಹಲಗೆಯನ್ನು ಕೈಯಲ್ಲಿ ಹಾಗೇ ತಿರುಗಿಸಿದ. ಆಗ ಅಂಚಿನಲ್ಲಿ ನೀಲಿಯ ಕೆಳಗೆ ಹಳದಿ ಕಂಡಿತು.

ನೀಲಿ ಬಟ್ಟೆಯನ್ನು ಹಿಂದುಗಡೆ ದಾರದಿಂದ ಹೊಲಿದಿದ್ದರು. ಅಚ್ಚುಕಟ್ಟಾದ, ಒಂದೇ ಅಳತೆಯ ಹೊಲಿಗೆ. ಅವನು ಬ್ಲೇಡಿನಿಂದ ದಾರ ಕತ್ತರಿಸಿ ಬಟ್ಟೆಯನ್ನು ಸುಲಿದ. ಒಳಗೆ ಇನ್ನೊಂದು ಬೋರ್ಡೇ ಇತ್ತು. ಹಳದಿ ಬಟ್ಟೆ, ಅದಕ್ಕೆ ಬೇರೆ ಟೇಪು. ಹಿಂದುಗಡೆ ದಾರವಿಲ್ಲ. ಅಂಚಿನ ಉದ್ದಕ್ಕೂ ತೂತು ಮಾಡಿ ತೆಳ್ಳನೆ ತಂತಿ ಪೋಣಿಸಿ, ಇಕ್ಕಳದಿಂದ ತಿರುಚಿ, ಮಿಕ್ಕ ತುದಿಯನ್ನು ಯಾರಿಗೂ ಚುಚ್ಚದ ಹಾಗೆ ಒಳಕ್ಕೆ ಬಗ್ಗಿಸಿದ್ದರು.

ಮೆಕ್ಯಾನಿಕ್ಕನ ಹೆಂಡತಿ ಸ್ಟೂಲಿನಿಂದ ಎದ್ದೇ ಬಂದಳು. ಆ ತಂತಿಯ ಗಂಟುಗಳ ಮೇಲೆ ಬೆರಳಾಡಿಸಿದಳು.

"ಇದು ಇವರ ಕೈ ಸಾರ್. ನಮ್ಮನೇಲಿ ಬಟ್ಟೆ ಒಣಗಿಸೋ ಹಗ್ಗ, ಬಕೆಟ್ಟಿನ ಹಿಡಿ, ನನ್ನ ಕನ್ನಡಕದ ಕಾಲು, ಎಲ್ಲಾನೂ ಹೀಗೇ ಬಿಗಿದಿಟ್ಟಿದಾರೆ. ನೋಡಿ." ಕನ್ನಡಕ ತೆಗೆದು ತೋರಿಸಿದಳು. ಅದೇ ತಂತಿ, ಅದೇ ತಿರುಚು, ತುದಿ ಒಳಕ್ಕೆ ಬಗ್ಗಿತ್ತು.

ಹಳದಿ ಬಟ್ಟೆಯ ಮೂಲೆಯಲ್ಲಿ ಹೆಬ್ಬೆರಳಿನಷ್ಟೇ ಅಗಲದ ಕಂದು ಕಲೆಯಿತ್ತು. ಬಟ್ಟೆ ಎಳೆದು ಹಿಡಿಯಲು ಬೆರಳನ್ನು ಎಲ್ಲಿ ಒತ್ತಬೇಕೋ ಸರಿಯಾಗಿ ಅಲ್ಲೇ.

ಮೆಕ್ಯಾನಿಕ್ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಪೆಚ್ಚುಮೋರೆಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಕಲೆಯ ಫೋಟೋ, ತಂತಿಯ ಫೋಟೋ, ಕನ್ನಡಕದ ಫೋಟೋ ಎಲ್ಲವನ್ನೂ ಮೊಬೈಲಿನಲ್ಲಿ ತೆಗೆದು ಇನ್ಸ್‌ಪೆಕ್ಟರಿಗೆ ಕಳಿಸಿ, ಫೋನು ಹಚ್ಚಿದ.

"ಹಲಗೆ ಅಕ್ಕನದು, ಬಿಗಿದಿದ್ದು ತಮ್ಮ. ಅವತ್ತು ಇಬ್ಬರೂ ಒಟ್ಟಿಗೆ ಕೂತು ಕೆಲಸ ಮಾಡಿದಾರೆ. ಹುಡುಗಿ ಆಮೇಲೆ ಬೇರೆ ಬಟ್ಟೆ ಮುಚ್ಚಿದಾಳೆ. ಇನ್ನು ಯಾವ ಮುಖ ಇಟ್ಕೊಂಡು ಅವನನ್ನ ಕೂರಿಸ್ಕೋತೀಯಪ್ಪ?"

"ಹೆಣ ಇಲ್ಲ, ಇದ್ದ ಒಂದು ಸಾಕ್ಷೀನೂ ನೀವು ಸುಲಿದು ಹಾಕಿದ್ರಿ" ಎಂದು ನಕ್ಕರು ಇನ್ಸ್‌ಪೆಕ್ಟರ್. "ಕರೆದಾಗ ಬರಬೇಕು ಅಂತ ಬರೆಸ್ಕೊಂಡು ಬಿಡ್ತೀನಿ. ಆ ಹುಡುಗೀನ ಮಾತ್ರ ನೀವೇ ವಿಚಾರಿಸಿ."

ಮೆಕ್ಯಾನಿಕ್ಕನ ಹೆಂಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಸ್ಟೂಲಿನ ಮೇಲೆ ಕುಸಿದಳು. ಈ ಸಲದ ಅಳು ಬೇರೆ ಥರದ್ದಾಗಿತ್ತು.

ಪೆಚ್ಚುಮೋರೆ ಹುಡುಗಿಯ ಎದುರು ನೆಲದ ಮೇಲೇ ಕೂತ.

"ಹೇಳಮ್ಮ. ಸ್ವಂತ ಸೋದರಮಾವ. ಅವನ ಮೇಲೆ ಯಾಕೆ ಇಷ್ಟು ಹಗೆ?"

"ಹಗೆ?" ಹುಡುಗಿ ತಲೆಯೆತ್ತಿದಳು. ಕಣ್ಣು ಕೆಂಪಗಾಗಿತ್ತು. "ನನಗೆ ಸೈಕಲ್ ಕಲಿಸಿದ್ದು ಮಾವ. ಅಪ್ಪ ಬಿಟ್ಟು ಹೋದ್ಮೇಲೆ ಸ್ಕೂಲಿಗೆ ಬಿಟ್ಟು ಬರ್ತಿದ್ದಿದ್ದು ಮಾವ. ನಿಮಗೇನು ಗೊತ್ತು? ಬೇಕಾದ್ರೆ ಅತ್ತೇನ ಕೇಳಿ."

"ಹಾಗಾದ್ರೆ ಅವನ ರಕ್ತದ ಕಲೆ ಯಾಕೆ ಮುಚ್ಚಿದೆ? ಬೋರ್ಡನ್ನ ಒಲೆಗೆ ಹಾಕಿದ್ರೆ ಮುಗೀತಿತ್ತಲ್ಲ?"

"ಬೋರ್ಡೇ ಇಲ್ಲದಿದ್ರೆ ಎಲ್ಲಿ ಅಂತ ಕೇಳ್ತಿದ್ರು. ಬಟ್ಟೆ ಬೇರೆ ಆದ್ರೆ ಗಂಡಸರು ಯಾರು ನೋಡ್ತಾರೆ?"

ಈ ಮಾತು ಪೆಚ್ಚುಮೋರೆಗೆ ನಾಟಿತು. ಮನೆಯಲ್ಲಿ ಪರದೆ ಬದಲಾಗಿ ಎಷ್ಟು ದಿನವಾದ ಮೇಲೆ ತಾನು ಕಂಡುಹಿಡಿದೆ ಎಂಬುದನ್ನು ಹೆಂಡತಿ ಇನ್ನೂ ಮರೆತಿರಲಿಲ್ಲ.

"ಹಳೇದನ್ನ ಬಿಚ್ಚಿ ಬಿಸಾಕೋಣ ಅಂತಾನೇ ಇದ್ದೆ," ಎಂದಳು ಹುಡುಗಿ. "ಮಾವನ ತಂತಿ ಬಿಚ್ಚೋಕೆ ಆಗ್ಲಿಲ್ಲ. ಕೈಯೆಲ್ಲ ಗಾಯ ಆಯ್ತು. ಅದಕ್ಕೇ ಮೇಲೇ ಹೊಲಿದುಬಿಟ್ಟೆ."

"ಯಾರು ಹೇಳಿಕೊಟ್ಟಿದ್ದು?"

ಹುಡುಗಿ ಮತ್ತೆ ಗುಂಡಿ ಆರಿಸತೊಡಗಿದಳು.

"ನಿನ್ನ ತಲೆಗೆ ಹೊಳೆದಿದ್ದಲ್ಲ ಇದು. ಬೋರ್ಡು ಹೇಗೆ ಮಾಡಿದೆ ಅಂತ ಕೇಳಿದ್ರೆ ಪಾಠ ಒಪ್ಪಿಸಿದೆ. ಆ ಪಾಠ ಯಾರದು?"

"ಅಮ್ಮ" ಎಂದಳು ಹುಡುಗಿ.

ಸ್ಟೂಲಿನ ಕಡೆಯಿಂದ ಅಳು ಗಕ್ಕನೆ ನಿಂತಿತು.

"ಯಾವಾಗ?"

"ಮೊನ್ನೆ. ಮಾವನ್ನ ಹಿಡ್ಕೊಂಡು ಹೋದ್ರಲ್ಲ, ಆಮೇಲೆ ಮಧ್ಯಾಹ್ನ ಹಿಂಬಾಗಿಲಿಂದ ಬಂದ್ಲು. ಕೂರಲೂ ಇಲ್ಲ. ನೀರು ಕುಡಿದು, ಈ ಬಟ್ಟೆ ಮುಟ್ಟಿ ನೋಡಿ, ಇದನ್ನೇ ಹಾಕು ಅಂದ್ಲು. ನಾನು ಕೈ ಹಿಡ್ಕೊಂಡು ಕೇಳಿದೆ, ಎಲ್ಲಿದೀಯ, ಯಾಕೆ ಹೀಗೆ ಮಾಡ್ತೀಯ ಅಂತ. ಹೇಳಲಿಲ್ಲ."

ಟೈಲರಮ್ಮ ಬದುಕಿದ್ದಾಳೆ! ಪೆಚ್ಚುಮೋರೆಗೆ ಸಂತೋಷಪಡಬೇಕೋ ಹೆದರಬೇಕೋ ತಿಳಿಯಲಿಲ್ಲ. ಬದುಕಿರುವ ಅಕ್ಕ ತನ್ನದೇ ತಮ್ಮನ ಮೇಲೆ ತನ್ನದೇ ಕೊಲೆಯ ಆರೋಪ ಹೊರಿಸುತ್ತಿದ್ದಾಳೆ.

"ತಮ್ಮ ಜೈಲಿಗೆ ಹೋಗಲಿ ಅಂತಾನಾ?"

"ತಮ್ಮ ಬದುಕಲಿ ಅಂತ!" ಹುಡುಗಿ ಕಿರುಚಿದಳು. "ಅವನು ಒಳಗಿದ್ದಷ್ಟು ದಿನ ಯಾರೂ ಏನೂ ಮಾಡೋಕೆ ಆಗಲ್ಲ, ಹೊರಗೆ ಕಾಲಿಟ್ರೆ ಉಳಿಯಲ್ಲ ಅಂದ್ಲು. ಯಾರು, ಯಾಕೆ, ಒಂದೂ ಹೇಳಲಿಲ್ಲ. ಹೇಳಿದ್ರೆ ನನ್ನನ್ನೂ ಬಿಡಲ್ವಂತೆ. ಹೇಗಾದ್ರೂ ಮಾಡಿ ಅವನನ್ನ ಸ್ಟೇಷನ್ನಿನಲ್ಲೇ ಇಡು ಅಂದ್ಲು. ಸ್ಟೇಷನ್ನಿನವರಿಗೂ ಹೇಳಬೇಡ ಅಂದ್ಲು. ನಾನು ಹೊಟ್ಟೆಗೆ ಅನ್ನ ಹಾಕದೆ ಸುಳ್ಳು ಹೇಳ್ತಾ ಕೂತಿದ್ರೆ, ನೀವು ಬಂದು ಎಲ್ಲಾನೂ ಸುಲಿದು ಹಾಕಿದ್ರಿ!"

ಪೆಚ್ಚುಮೋರೆಯ ಕೈ ಆಗಲೇ ಜೇಬಿಗೆ ಹೋಗಿತ್ತು. ಇನ್ಸ್‌ಪೆಕ್ಟರಿಗೆ ಮತ್ತೆ ಫೋನು ಹಚ್ಚಿದ. ತಾನು ಇಷ್ಟು ಹೊತ್ತು ಬೆವರು ಸುರಿಸಿ ಮಾಡಿದ ಘನಕಾರ್ಯ ಏನೆಂದು ಅವನಿಗೆ ಈಗ ಅರಿವಾಯಿತು. ಭದ್ರವಾಗಿದ್ದ ಮನುಷ್ಯನನ್ನು ತಾನೇ ಬಾಗಿಲು ತೆಗೆಸಿ ಹೊರಗೆ ತಳ್ಳಿದ್ದ.

"ಹೇಳಿ ಗುರುಗಳೇ" ಎಂದರು ಇನ್ಸ್‌ಪೆಕ್ಟರ್, ಬಾಯಲ್ಲಿ ಏನೋ ಅಗಿಯುತ್ತ.

"ಅವನನ್ನ ಬಿಡಬೇಡ. ಏನಾದ್ರೂ ನೆಪ ಹೇಳು, ಒಳಗೇ ಇಟ್ಕೋ. ನಾನು ಬರ್ತಾ ಇದೀನಿ."

"ಒಳ್ಳೆ ಕಥೆ! ಬಿಡು ಬಿಡು ಅಂತ ಪ್ರಾಣ ತಿಂದಿದ್ದು ನೀವೇ ಅಲ್ವಾ? ಆಗಲೇ ಬಿಟ್ಟಾಯ್ತು. ಸಹಿ ಹಾಕಿಸ್ಕೊಂಡು ಕಳಿಸಿದೆ."

"ಒಬ್ಬನೇ ಹೋದನಾ?"

"ಇಲ್ಲಪ್ಪ, ಒಬ್ಬನೇ ಯಾಕೆ ಹೋಗ್ತಾನೆ? ಪಾಪ, ನೀವು ಬಂದು ಹೋದಾಗಿಂದ ಹೊರಗಡೆ ಬೆಂಚಿನ ಮೇಲೆ ಕಾಯ್ತಾ ಕೂತಿದ್ರಲ್ಲ, ಅವರ ಜೊತೆ ಹೋದ. ಜಾಮೀನಿಗೂ ಅವರೇ ಸಹಿ ಹಾಕಿದ್ದು."

"ಯಾರು?"

"ಯಾರು ಅಂದ್ರೆ? ಅವನ ಹೆಂಡ್ತಿ."

ಪೆಚ್ಚುಮೋರೆ ಸ್ಟೂಲಿನ ಕಡೆ ತಿರುಗಿ ನೋಡಿದ. ಆಮೇಲೆ ತನ್ನದೇ ಅಲ್ಲ ಎಂಬಂಥ ದನಿಯಲ್ಲಿ ಕೇಳಿದ, "ಅವಳನ್ನ ನೋಡಿ ಅವನು ಏನಂದ?"

"ಏನಂತಾನೆ? ಮುಖ ನೋಡ್ದ, ನಕ್ಕ, ಚಪ್ಪಲಿ ಮೆಟ್ಟಿಕೊಂಡು ಹಿಂದೇನೇ ಹೋದ. ಯಾಕೆ ಗುರುಗಳೇ, ಏನಾಯ್ತು?"

ಗುಂಡಿ ಕಪಾಟಿನ ಪಕ್ಕ ಮೆಕ್ಯಾನಿಕ್ಕನ ಹೆಂಡತಿ ಎದ್ದು ನಿಂತಿದ್ದಳು. ಕನ್ನಡಕ ಸರಿಯಾಗಿ ಹಾಕಿಕೊಂಡು, ಕೈಚೀಲ ಹೆಗಲಿಗೇರಿಸಿ, ಅವನ ತೋಳು ಹಿಡಿದು ಅಲುಗಿಸಿದಳು.

"ಅಲ್ಲೇ ಕೂತಿರೋಕೆ ಹೇಳಿ ಸಾರ್. ಯಾರ ಜೊತೆಗೂ ಹೋಗೋದು ಬೇಡ, ನಾನೇ ಬಂದು ಕರ್ಕೊಂಡು ಹೋಗ್ತೀನಿ ಅಂತ ಹೇಳಿ."